ಐದು ಹೂವು, ಐವತ್ತು ಫಾರಂ

"ಭಾನುವಾರದೊಳಗೆ ನಿನ್ನ ಐದೂ ಪುಸ್ತಕಕ್ಕೆ ಹೊಸ ಜನ್ಮ ಕೊಡದಿದ್ರೆ ನನ್ನನ್ನ ಬೈಂಡರ್ ಅಂತ ಕರೀಬೇಡ!" ಎಂದು ರಟ್ಟಣ್ಣ ಊಟದ ಮೇಜು ಗುದ್ದಿ ಘೋಷಿಸಿದ. ನೀರಿನ ಲೋಟ ಉರುಳಿತು. ಹೆಂಡತಿ ಎದ್ದು ಒರೆಸಿದಳು.

ಮೂವತ್ತು ವರ್ಷದಿಂದ ಪುಸ್ತಕಕ್ಕೆ ರಟ್ಟು ಹಾಕುವುದೇ ಕಸುಬಾದ್ದರಿಂದ ಬೀದಿಯವರು ಅವನಿಗಿಟ್ಟ ಹೆಸರು ರಟ್ಟಣ್ಣ. ಅವನ ಕೈ ದಾಟಿಹೋದ ಪುಸ್ತಕಗಳನ್ನು ಪೇರಿಸಿದ್ದರೆ ಮೂರಂತಸ್ತಿನ ಮನೆಯೇ ಎದ್ದು ನಿಲ್ಲುತ್ತಿತ್ತು. ಅದರಲ್ಲಿ ಅವನು ಓದಿದ್ದೆಷ್ಟು? ಸೊನ್ನೆ! ಇದನ್ನು ನಾಚಿಕೆಯಿಂದ ಹೇಳುತ್ತಿದ್ದ ಅಂದುಕೊಂಡಿರಾ? ಎದೆಯುಬ್ಬಿಸಿ ಹೇಳುತ್ತಿದ್ದ. "ಓದೋದು ಬಿಡುವಿರೋವರ ಕೆಲಸ. ನನಗೆಲ್ಲಿದೆ ಬಿಡುವು?"

ಹೆಂಡತಿಯ ದಾರಿಯೇ ಬೇರೆ. ಅಂಚೆ ಕಚೇರಿಯಲ್ಲಿ ದಿನವಿಡೀ ಸ್ಟಾಂಪು ಮಾರಿ ಬಂದವಳು ಸಂಜೆ ಕಾದಂಬರಿ ಹಿಡಿದರೆ ಮುಗಿಯಿತು. ಆದರೆ ಪುಸ್ತಕದ ಹೆಸರಿನಲ್ಲಿ ಹೂವು ಇರಲೇಬೇಕು. "ಹೂವಿನ ಹೆಸರಿಟ್ಟ ಪುಸ್ತಕದಲ್ಲಿ ಕೊನೆಗೆ ಎಲ್ಲಾ ಸರಿಹೋಗತ್ತೆ ರೀ" ಎನ್ನುವುದು ಅವಳ ಸಿದ್ಧಾಂತ. 'ದಾಸವಾಳದ ಬೇಲಿ', 'ಸೇವಂತಿಗೆ ಕಂಡಕ್ಟರ್', 'ಸಂಪಿಗೆಗೆ ಸಂಬಳವಿಲ್ಲ', 'ಕನಕಾಂಬರದ ತಂತಿ', 'ಸೂರ್ಯಕಾಂತಿಯ ಬಾಡಿಗೆ ಮನೆ', ಈ ಐದಂತೂ ಅವಳ ಪಂಚಪ್ರಾಣ. ಮದುವೆಯಾದ ಇಪ್ಪತ್ತೆರಡು ವರ್ಷವೂ ಅವಳದ್ದು ಒಂದೇ ಬೇಡಿಕೆ: "ಒಂದಾದ್ರೂ ಓದ್ರೀ. ಇದರ ಬಗ್ಗೆ ಮಾತಾಡೋಕೆ ನನಗೂ ಒಬ್ಬರು ಬೇಡ್ವಾ?" ಇಪ್ಪತ್ತೆರಡು ವರ್ಷವೂ ಅವನದ್ದು ಒಂದೇ ಉತ್ತರ. ಉತ್ತರ ನಿಮಗೆ ಗೊತ್ತು.

ಈಗ ಅವಳ ಅಕ್ಕ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಆರು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ. ಐದೂ ಪುಸ್ತಕ ಭಾನುವಾರ ತಂದುಕೊಡುತ್ತೇನೆ ಎಂದು ತಂಗಿ ಮಾತು ಕೊಟ್ಟಿದ್ದಳು. ಅವೋ, ಓದಿ ಓದಿ ಹಾಳೆಗಳೆಲ್ಲ ಕಿತ್ತು ಬಂದು, ದಾರದಲ್ಲಿ ಕಟ್ಟಿಟ್ಟ ಸ್ಥಿತಿಯಲ್ಲಿದ್ದವು. ಅದಕ್ಕೇ ಮೇಜು ಗುದ್ದಿದ್ದು.

ಶನಿವಾರ ಹೆಂಡತಿ ಕಚೇರಿಗೆ ಹೊರಟ ಕೂಡಲೇ ಬೈಂಡಿಂಗ್ ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಯಜ್ಞ ಶುರುಮಾಡಿದ. ನೆಲದ ಮೇಲೆ ಹಾಸಿಗೆಯ ಹೊದಿಕೆ ಹಾಸಿದ. ಐದೂ ಪುಸ್ತಕದ ಹಳೆಯ ಹೊಲಿಗೆ ಬಿಚ್ಚಿದ. ಹದಿನಾರು ಪುಟದ ಒಂದೊಂದು ಮಡಿಕೆಗೆ ಕಸುಬಿನವರು ಫಾರಂ ಎನ್ನುತ್ತಾರೆ. ಪುಸ್ತಕಕ್ಕೆ ಹತ್ತು ಫಾರಂ, ಒಟ್ಟು ಐವತ್ತು. ಐದು ಗುಡ್ಡೆ ಅಚ್ಚುಕಟ್ಟಾಗಿ ಕೂತವು. ಸಂತೋಷದಿಂದ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಹಿಮ್ಮಡಿ ಅಂಟಿನ ಬೋಗುಣಿಗೆ ತಾಗಿತು!

ಬಿಸಿ ಅಂಟು ನೆಲದ ಮೇಲೆ ಹರಿದು ಸೀದಾ ಪುಸ್ತಕಗಳ ಕಡೆಗೆ ಹೊರಟಿತು. ರಟ್ಟಣ್ಣ ಎದೆಗುಂದುವ ಆಸಾಮಿಯೇ? ಹೊದಿಕೆಯ ನಾಲ್ಕೂ ತುದಿ ಹಿಡಿದು ಎತ್ತಿ ಗಂಟು ಕಟ್ಟಿಯೇಬಿಟ್ಟ. ಒಂದು ತೊಟ್ಟು ಅಂಟೂ ಪುಸ್ತಕಕ್ಕೆ ತಾಗಲಿಲ್ಲ. ಗಂಟಿನೊಳಗೆ ಮಾತ್ರ ಐದು ಕಾದಂಬರಿಗಳು ಸೇರಿ ಅವಿಭಕ್ತ ಕುಟುಂಬವಾಗಿದ್ದವು.

ಒಬ್ಬರೇ ಪ್ರಕಾಶಕರು, ಒಂದೇ ಅಳತೆ, ಒಂದೇ ಅಕ್ಷರ. ಒಳಗಿನ ಪುಟಗಳಲ್ಲಿ ಪುಸ್ತಕದ ಹೆಸರೇ ಇಲ್ಲ, ಬರೀ ಪುಟಸಂಖ್ಯೆ. ನಾಲ್ಕು ಸಾಲು ಓದಿದ್ದರೆ ಯಾವುದು ಯಾರ ಮನೆಯದೆಂದು ತಿಳಿಯುತ್ತಿತ್ತು. ಆದರೆ ಬಿಡುವೆಲ್ಲಿದೆ? "ಪುಟದ ಸಂಖ್ಯೆ ಸರಿಯಿದ್ರೆ ಪುಸ್ತಕ ಸರಿ!" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಇಸ್ಪೀಟು ಹಂಚಿದಂತೆ ಒಂದರಿಂದ ನೂರರವತ್ತರವರೆಗೆ ಐದು ಪಾಲು ಹಂಚಿ ಬಿಗಿಯಾಗಿ ಹೊಲಿದ. ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ಹೂವಿನ ಹೆಸರು!

ಸಂಜೆ ಹೆಂಡತಿ ಪುಸ್ತಕಗಳನ್ನು ಕೆನ್ನೆಗೊತ್ತಿಕೊಂಡಳು. "ಕೈ ಅಂದ್ರೆ ನಿಮ್ಮ ಕೈ ರೀ!" ರಟ್ಟಣ್ಣ ಎರಡಂಗುಲ ಎತ್ತರವಾದ.

ಮಂಗಳವಾರ ಸಂಜೆ ಅತ್ತಿಗೆಯ, ಅಂದರೆ ಹೆಂಡತಿಯ ಅಕ್ಕನ, ಫೋನು. ಹೆಂಡತಿ ಎರಡು ನಿಮಿಷ ಕೇಳಿ ಅವನ ಕೈಗೆ ಕೊಟ್ಟಳು.

"ಅತ್ತಿಗೆ, ಹೊಲಿಗೆ ಹೇಗಿದೆ?"

"ಹೊಲಿಗೆಗೇನೂ ಕೇಡಿಲ್ಲ! ನಲವತ್ತೆಂಟನೇ ಪುಟದಲ್ಲಿ ಬಸ್ಸು ಹತ್ತಿದ ಹುಡುಗಿ ನಲವತ್ತೊಂಬತ್ತರಲ್ಲಿ ಹಡಗಿನಿಂದ ಇಳೀತಾಳೆ. ಇಳಿಯೋವಾಗ ಅವಳಿಗೆ ಮೀಸೆ ಬಂದಿದೆ!"

"ಅದು... ಕಥೆಗಾರರ ಚಮತ್ಕಾರ ಇರಬಹುದು."

"ಎಂಬತ್ತನೇ ಪುಟದಲ್ಲಿ ಕಂಡಕ್ಟರ್ ಬಾವಿಗೆ ಬಿದ್ದ. ಎಂಬತ್ತೊಂದರಲ್ಲಿ ಯಾರದೋ ಮನೇಲಿ ಯಾರ್ಯಾರೋ ಕೂತು ಕಾಫಿ ಕುಡೀತಿದಾರೆ. ಬಾವಿ ಕಡೆ ತಿರುಗಿ ಕೂಡ ನೋಡಲ್ಲ ಒಬ್ಬರೂ!"

ರಟ್ಟಣ್ಣ ಫೋನು ಕೆಳಗಿಟ್ಟ. ಹೆಂಡತಿ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಅವಳು ಕಣ್ಣು ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಇಷ್ಟು ವರ್ಷದಲ್ಲಿ ಒಂದೇ ಒಂದು ಪುಟ ಓದಿದ್ರೆ ಹೀಗಾಗ್ತಿತ್ತಾ?"

ಮರುದಿನವೇ ಪುಸ್ತಕಗಳನ್ನು ವಾಪಸ್ ತಂದ. ನಾಲ್ಕೇ ಸಿಕ್ಕಿದ್ದು. ಐದನೆಯದನ್ನು ಅತ್ತಿಗೆ ದಿಂಬಿನಡಿ ಇಟ್ಟುಕೊಂಡು, "ಇದು ನನ್ನ ಹತ್ರಾನೇ ಇರ್ಲಿ. ಕಾಲು ನೋವು ಮರೆಯೋ ಹಾಗೆ ನಗು ಬರ್ತಿದೆ" ಎಂದಳು.

ನಲವತ್ತು ಫಾರಂ ಬಿಚ್ಚಿ, ಕನ್ನಡಕವೇರಿಸಿ, ಜೀವನದಲ್ಲಿ ಮೊದಲ ಬಾರಿಗೆ ರಟ್ಟಣ್ಣ ಓದಲು ಕೂತ. ಮೊದಲ ದಿನ ಆಕಳಿಸಿದ. ಎರಡನೆಯ ದಿನ ಊಟಕ್ಕೆ ಎರಡು ಸಲ ಕೂಗಬೇಕಾಯಿತು. ಮೂರನೆಯ ದಿನ ತಟ್ಟೆಯ ಮುಂದೆಯೇ ಜಗಳ!

"ಬೇಲಿ ಕಿತ್ತಿದ್ದು ಆ ಹೆಂಗಸಿಂದೇ ತಪ್ಪು ಕಣೇ."

"ಏನ್ರೀ ತಪ್ಪು? ಸ್ಟೇಷನ್ ಮಾಸ್ಟರ್ ಮೊದಲು ಬೈದಿದ್ದು ಕಾಣಲ್ವಾ ನಿಮಗೆ?"

ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿ ಇಷ್ಟು ಖುಷಿಯಿಂದ ಜಗಳವಾಡಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಅನಾಹುತ ಬಯಲಾಯಿತು. 'ದಾಸವಾಳದ ಬೇಲಿ'ಯ ಕೊನೆಯ ಫಾರಂ ಇಲ್ಲ! ಸ್ಟೇಷನ್ ಮಾಸ್ಟರ್ ಮುನಿಸಿಕೊಂಡು ಕೊನೆಯ ರೈಲು ಹತ್ತಿದ್ದಾನೆ, ಬೇಲಿ ಕಿತ್ತವಳು ಪ್ಲಾಟ್‌ಫಾರಂನಲ್ಲಿ ನಿಂತಿದ್ದಾಳೆ, ಪುಟ ನೂರನಲವತ್ತನಾಲ್ಕು, ಮುಂದೆ ಬಯಲು. ಉಳಿದದ್ದು ಅತ್ತಿಗೆಯ ದಿಂಬಿನಡಿ!

"ಅವನು ವಾಪಸ್ ಬರ್ತಾನೇನೇ?" ರಟ್ಟಣ್ಣ ಗೋಗರೆದ.

"ಹೇಳಲ್ಲ. ನಾನು ಇಪ್ಪತ್ತೆರಡು ವರ್ಷ ಕಾದಿದೀನಿ. ನೀವೂ ಸ್ವಲ್ಪ ಕಾಯಿರಿ."

ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಅತ್ತಿಗೆಯ ಮನೆಗೆ ಓಡಿದ. ಅತ್ತಿಗೆ ಸುಲಭಕ್ಕೆ ಬಗ್ಗುವವಳಲ್ಲ. "ಕೊಡ್ತೀನಿ. ಆದ್ರೆ ಮಲಗಿ ಮಲಗಿ ಕಣ್ಣು ಸೋತಿದೆ. ನೀವೇ ಜೋರಾಗಿ ಓದಿ. ಮೊದಲನೇ ಪುಟದಿಂದ!"

ಎರಡು ಗಂಟೆ ಕಾದು ಹೆಂಡತಿ ಹುಡುಕಿಕೊಂಡು ಬಂದಳು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ರಟ್ಟಣ್ಣ ಓದುತ್ತಿದ್ದ. ಹುಡುಗಿಗೆ ಒಂದು ದನಿ, ಮೀಸೆಯವನಿಗೆ ಒಂದು ದನಿ. ಪ್ಲಾಸ್ಟರ್ ಕಾಲಿನ ಅತ್ತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು.

"ರೀ, ಕತ್ತಲಾಗ್ತಾ ಬಂತು. ಅಂಗಡೀಲಿ ಗಿರಾಕಿ ಕಾದು ಕಾದು ಮನೆಗೇ ಬಂದಿದ್ರು. ಏಳಿ!"

ರಟ್ಟಣ್ಣ ಪುಸ್ತಕದಿಂದ ತಲೆಯೆತ್ತಲೇ ಇಲ್ಲ. ತುಟಿಯ ಮೇಲೆ ಬೆರಳಿಟ್ಟು ಅಂದ: "ಶ್! ನಾಳೆ ಬರೋಕೆ ಹೇಳು. ಈಗ ನನಗೆ ಬಿಡುವಿದೆ!"