ಎಷ್ಟು ಕಂತು

ಟೇಪು ಸಾಹೇಬರ ಮನೆಯ ಟೀವಿ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ರಿಪೇರಿಯವನನ್ನು ಕರೆಸಿ, ಅವನ ಜೊತೆ ಒಂದು ಗಂಟೆ ಜಗಳವಾಡಿ ಸಾಹೇಬರು ಸುಖವಾಗಿರುತ್ತಿದ್ದರು. ಚಿತ್ರ ಚೆನ್ನಾಗಿಯೇ ಬರುತ್ತಿತ್ತು, ದನಿಯೂ ಇತ್ತು. ಆದರೆ ಮನೆಮಂದಿಯೆಲ್ಲ ಧಾರಾವಾಹಿ ನೋಡುತ್ತಿದ್ದ ಆ್ಯಪು ಒಂದು ಸಂಜೆ, 'ಈ ಟೀವಿ ಹಳೆಯದಾಗಿದೆ, ಇನ್ನು ಮುಂದೆ ಇದರಲ್ಲಿ ನಾವು ಸಿಗುವುದಿಲ್ಲ' ಎಂದು ಪರದೆಯ ಮೇಲೆ ಬರೆದು ಸಂಬಂಧ ಕಡಿದುಕೊಂಡಿತು.

ಅದೂ ಎಂಥ ಹೊತ್ತಿನಲ್ಲಿ? 'ಹದಿಮೂರನೇ ಲಾಕರ್' ಎಂಬ ಪತ್ತೇದಾರಿ ಧಾರಾವಾಹಿಯ ಹನ್ನೊಂದನೆಯ ಕಂತಿನಲ್ಲಿ, ಬ್ಯಾಂಕಿನ ಲಾಕರ್ ಬಾಗಿಲು ಕಿರ್ರೆಂದು ತೆರೆಯುತ್ತಿದ್ದಾಗ. ಒಳಗೆ ಏನಿತ್ತೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಆ ಮನೆಯಲ್ಲಿ ಸಾಹೇಬರ ಹೆಂಡತಿಯ ಕಾನೂನು ಎರಡೇ ಎರಡು. ಯಾವ ವಸ್ತುವನ್ನೂ ಕಂತಿನ ಮೇಲೆ ತರಬಾರದು. ಯಾವ ಧಾರಾವಾಹಿಯ ಕಂತನ್ನೂ ಒಬ್ಬರೇ ಕೂತು ನೋಡಬಾರದು. ಮೊದಲನೆಯದಕ್ಕೆ ಕಾರಣ ಅವರ ತಂದೆ ಕೊಂಡಿದ್ದ ಸ್ಕೂಟರು. ಅದು ಗುಜರಿಗೆ ಹೋದ ಮೇಲೂ ಎರಡು ವರ್ಷ ಕಂತು ಕಟ್ಟಿದ್ದರಂತೆ. ಎರಡನೆಯದಕ್ಕೆ ಕಾರಣ ಅವರ ಸ್ವಂತ ತಮ್ಮ. ಒಂದು ಸಿನಿಮಾದ ಕೊಲೆಗಾರ ಯಾರೆಂದು ಮೊದಲೇ ಬಾಯಿಬಿಟ್ಟ ತಪ್ಪಿಗೆ ಅವನ ಜೊತೆ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದರು.

ಟೇಪು ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅವರ ಜೇಬಿನಲ್ಲಿ ಕರವಸ್ತ್ರ ಇಲ್ಲದ ದಿನ ಇದ್ದೀತು, ಅಳತೆಯ ಟೇಪು ಇಲ್ಲದ ದಿನವಿಲ್ಲ. ಮಾರುಕಟ್ಟೆಯಲ್ಲಿ ಅವರ ನೆರಳು ಕಂಡರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಅಂಥವರು ಟೀವಿ ನಿಂತ ಮರುದಿನ ಕಚೇರಿಯ ಊಟದ ಬಿಡುವಿನಲ್ಲಿ, ಲಾಕರಿನಲ್ಲಿ ಏನಿದೆ ಅಷ್ಟೇ ನೋಡಿಬಿಡೋಣ ಎಂದು ಮೊಬೈಲು ತೆರೆದರು. ಊಟದ ಬಿಡುವು ಚಹಾದ ಬಿಡುವಿಗೆ ಹಬ್ಬಿತು, ಅಲ್ಲಿಂದ ಬಸ್ಸಿಗೆ, ಕೊನೆಗೆ ಮನೆಯ ಬಚ್ಚಲಿಗೆ. ವಾರ ಮುಗಿಯುವುದರೊಳಗೆ ಮೂವತ್ತೆರಡು ಕಂತೂ ಮುಗಿದಿದ್ದವು. ಊರಿನ ತಕ್ಕಡಿ ಕಾಯುವವರೇ ಮನೆಯಲ್ಲಿ ತೂಕ ತಪ್ಪಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಭಾನುವಾರ ಬೆಳಿಗ್ಗೆ ಹೆಂಡತಿ ದುಡ್ಡಿನ ಲಕೋಟೆ ಕೈಗಿಟ್ಟರು.

"ನಲವತ್ತಮೂರು ಇಂಚು ಸಾಕು. ಗೋಡೆಗೂ ಸರಿಹೋಗುತ್ತೆ, ಲಕೋಟೆಗೂ ಸರಿಹೋಗುತ್ತೆ. ಇವತ್ತು ಸಾಯಂಕಾಲ ಎಲ್ಲಾರೂ ಒಟ್ಟಿಗೆ ಕೂತು ಹನ್ನೊಂದನೇದು ನೋಡ್ಬೇಕು."

"ಅಕ್ಷರ ದೊಡ್ಡದಾಗಿ ಕಾಣೋ ಹಾಗಿರ್ಲಿ ಅಳಿಯಂದ್ರೇ," ಎಂದರು ಮೂಲೆಯ ಕುರ್ಚಿಯಿಂದ ಅತ್ತೆ. "ಕಿವಿ ಅಂತೂ ಹೋಯ್ತು, ಕಣ್ಣಿಗಾದ್ರೂ ಕತೆ ತಿಳೀಲಿ."

"ಅಪ್ಪಾ, ಇಂಚು ನೋಡಿ ಮರುಳಾಗ್ಬೇಡ," ಎಂದಳು ಕಾಲೇಜಿಗೆ ಹೋಗುವ ಮಗಳು. "ಆ್ಯಪು ಬೇಗ ತೆರ್ಕೊಳುತ್ತಾ ನೋಡು. ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ ಕೇಳು. ಇಲ್ಲಾಂದ್ರೆ ಮೂರು ವರ್ಷಕ್ಕೆ ಮತ್ತೆ ಇದೇ ಕತೆ."

"ನನಗೆ ಹೇಳ್ಕೊಡ್ತೀರಾ? ನನ್ನ ಕಣ್ಣಿಗೆ ಮಣ್ಣೆರಚೋ ಅಂಗಡಿಯವನು ಇನ್ನೂ ಹುಟ್ಟಿಲ್ಲ," ಎಂದು ಸಾಹೇಬರು ಮೆಟ್ಟಿಲಿಳಿದರು. ಸಂಜೆ ಹನ್ನೊಂದನೆಯ ಕಂತಿನ ಮುಂದೆ ಕೂತು, ಲಾಕರ್ ತೆರೆದಾಗ ಹೇಗೆ ಬೆಚ್ಚಿಬೀಳಬೇಕೆಂಬುದನ್ನು ಅವರು ಬಚ್ಚಲ ಕನ್ನಡಿಯಲ್ಲಿ ಆಗಲೇ ಎರಡು ಸಲ ಅಭ್ಯಾಸ ಮಾಡಿದ್ದರು.

ಅಂಗಡಿಯಲ್ಲಿ ಒಂದು ಗೋಡೆ ತುಂಬ ಟೀವಿಗಳು. ಸೇಲ್ಸ್‌ಮನ್ ನಗುನಗುತ್ತ ಬಂದ. ಸಾಹೇಬರು ಟೇಪು ಎಳೆದಾಗ ಅರ್ಧ ನಗು ಕಡಿಮೆಯಾಯಿತು.

"ನಲವತ್ತಮೂರು ಅಂತ ಬರೆದಿದ್ದೀರಿ. ಅಗಲ ಮೂವತ್ತೇಳೂವರೆ ಇದೆಯಲ್ರೀ."

"ಮೂಲೆಯಿಂದ ಮೂಲೆಗೆ ಅಳೀಬೇಕು ಸರ್. ಟೀವಿ ಲೆಕ್ಕ ಹಾಗೇ."

"ನಾಳೆ ಬೆಡ್‌ಶೀಟಿನವನೂ ಮೂಲೆಯಿಂದ ಮೂಲೆಗೆ ಅಳೆದು ಕೊಟ್ರೆ ನೀವು ಸುಮ್ನಿರ್ತೀರಾ?"

ಸಾಹೇಬರು ಗೆದ್ದ ಹುಮ್ಮಸ್ಸಿನಲ್ಲಿ ಮುಂದುವರಿದರು. ಅತ್ತೆ ಕೂರುವ ಮೂಲೆಯಷ್ಟು ಓರೆಗೆ ನಿಂತು ನೋಡಿದರು, ಬಣ್ಣ ಮಾಸಲಿಲ್ಲ. ದನಿ ಡಬ್ಬಿಯೊಳಗಿನಿಂದ ಬಂದಂತಿದೆಯೇ ಎಂದು ಕಿವಿಯಿಟ್ಟರು, ಪರವಾಗಿಲ್ಲ. ಐದು ವರ್ಷ ಅಪ್‌ಡೇಟ್ ಸಿಗುತ್ತದೆಂದು ಸೇಲ್ಸ್‌ಮನ್ ಕೈಯಲ್ಲಿ ಬರೆಸಿಕೊಂಡರು. ಬೆಲೆ ಲಕೋಟೆಗಿಂತ ಸ್ವಲ್ಪ ಕಡಿಮೆಯೇ. ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯನಿಗೆ ಕಲ್ಲು ಸಿಗದೆ ಒಂದು ರೀತಿ ಬೇಜಾರೇ ಆಯಿತು. ಅಲ್ಲಿಗೆ ಬಿಲ್ ಮಾಡಿಸಿ ಹೊರಟಿದ್ದರೆ ಬದುಕಿಕೊಳ್ಳುತ್ತಿದ್ದರು.

"ಆ್ಯಪು ಎಷ್ಟು ಬೇಗ ತೆರೆಯುತ್ತೆ, ತೋರ್ಸಿ," ಎಂದರು.

"ಅಂಗಡೀಲಿ ನೆಟ್ ಇರೋದು ಆ ಅರವತ್ತೈದು ಇಂಚಿನ ಡೆಮೋ ಪೀಸ್‌ಗೆ ಮಾತ್ರ ಸರ್. ಕಂಪನಿ ಒಂದೇ, ಒಳಗಿರೋದೂ ಒಂದೇ. ನಿಮ್ಮ ಅಕೌಂಟ್ ಹಾಕಿ ನೋಡಿ ಬೇಕಾದ್ರೆ."

ಸಾಹೇಬರು ತಮ್ಮ ಮನೆಯ ಅಕೌಂಟು ಹಾಕಿದರು. ಹೆಂಡತಿ, ಅತ್ತೆ, ಮಗಳು, ಅಪ್ಪ ಎಂದು ನಾಲ್ಕು ಹೆಸರು ಬಂದವು. ಬೆರಳು ಅಭ್ಯಾಸಬಲದಿಂದ 'ಅಪ್ಪ'ನನ್ನು ಒತ್ತಿತು. ಎರಡೇ ಸೆಕೆಂಡಿಗೆ ಆ್ಯಪು ತೆರೆದುಕೊಂಡಿತು. ಸೇಲ್ಸ್‌ಮನ್ ಹೆಮ್ಮೆಯಿಂದ ಇನ್ನೊಂದು ಗುಂಡಿ ಒತ್ತಿದ. ಡೆಮೋ ಪೀಸಿನ ಚಿತ್ರ ಗೋಡೆಯ ಇಪ್ಪತ್ತಾರು ಟೀವಿಗಳಲ್ಲೂ ಮೂಡಿತು. ಇಪ್ಪತ್ತಾರರಲ್ಲೂ ಒಂದೇ ಬರಹ: 'ಅಪ್ಪ, ನೀವು ಹದಿಮೂರನೇ ಲಾಕರ್ ಪೂರ್ತಿ ನೋಡಿದ್ದೀರಿ. 32/32. ಮತ್ತೆ ನೋಡುವಿರಾ?'

ಅದೇ ಗಳಿಗೆಗೆ ಅಂಗಡಿಯ ಬಾಗಿಲು ತಳ್ಳಿಕೊಂಡು ರೇಡಿಯೋ ಒಳಗೆ ಬಂದರು.

ರೇಡಿಯೋ ಅಂದರೆ ಸಾಹೇಬರ ಎದುರು ಮನೆಯಾಕೆ. ಬೀದಿಯವರೆಲ್ಲ ಹಿಂದಿನಿಂದ ಇಟ್ಟ ಹೆಸರು ಅದು. ಬೆಳಿಗ್ಗೆ ಅವರ ಕಣ್ಣಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೀದಿಯ ಕೊನೆಯ ಮನೆಗೆ ತಲುಪುತ್ತಿತ್ತು, ಮೊದಲ ಪ್ರಸಾರ ಯಾವಾಗಲೂ ಸಾಹೇಬರ ಹೆಂಡತಿಗೆ.

"ಆಫ್ ಮಾಡ್ರೀ," ಎಂದರು ಸಾಹೇಬರು, ಹಲ್ಲು ಕಚ್ಚಿಕೊಂಡು.

ಸೇಲ್ಸ್‌ಮನ್ ಒತ್ತಿದ, ಕುಟ್ಟಿದ, ಅಲುಗಾಡಿಸಿದ. ರಿಮೋಟಿನ ಸೆಲ್ ಮುಗಿದಿತ್ತು. "ಹೊಸ ಸೆಲ್ ಕೊಡೋ ಸ್ಟೋರಿನವರು ಊಟಕ್ಕೆ ಹೋಗಿದ್ದಾರೆ ಸರ್. ಅರ್ಧ ಗಂಟೇಲಿ ಬರ್ತಾರೆ."

"ಪ್ಲಗ್ ಕಿತ್ತುಹಾಕಿ."

"ಪ್ಲಗ್ ಗೋಡೆ ಹಿಂದಿದೆ ಸರ್. ಮಾರಾಟ ಆದ ಪೀಸ್ ಆದ್ರೆ ಮಾತ್ರ ಬಿಚ್ತೀವಿ."

ಸಾಹೇಬರು ಮೊಬೈಲಿನಲ್ಲೇ ಎಲ್ಲ ಕಡೆಯಿಂದ ಹೊರಬರುವ ಗುಂಡಿ ಹುಡುಕಿ ಒತ್ತಿದರು. 'ನಿಮ್ಮ ಕೋರಿಕೆ ತಲುಪಿದೆ, ಇಪ್ಪತ್ನಾಲ್ಕು ಗಂಟೆಯೊಳಗೆ ಈಡೇರಿಸುತ್ತೇವೆ' ಎಂದು ಉತ್ತರ ಬಂತು. ಸರ್ಕಾರಿ ಕಚೇರಿಯಲ್ಲಿದ್ದೂ ಅವರಿಗೆ ಇಷ್ಟು ನಿಧಾನದ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು.

"ಏನ್ ಸಾಹೇಬ್ರೇ, ನೀವಿಲ್ಲಿ?" ರೇಡಿಯೋ ಹತ್ತಿರ ಬಂದೇಬಿಟ್ಟರು. ಕೈಯಲ್ಲೊಂದು ಹಳೆಯ ಇಸ್ತ್ರಿ ಪೆಟ್ಟಿಗೆ. "ಇದು ಕೆಟ್ಟೋಯ್ತು. ಹೊಸದು ನೋಡೋಣಾಂತ ಬಂದೆ."

"ಬನ್ನಿ ಅಕ್ಕ, ನಾನೇ ಆರಿಸಿ ಕೊಡ್ತೀನಿ," ಎಂದು ಸಾಹೇಬರು ಅವರ ಬೆನ್ನು ಟೀವಿ ಗೋಡೆಗೆ ಬರುವಂತೆ ಇಸ್ತ್ರಿ ಪೆಟ್ಟಿಗೆಗಳ ಮುಂದೆ ತಂದು ನಿಲ್ಲಿಸಿದರು. "ಇಸ್ತ್ರಿ ಪೆಟ್ಟಿಗೆ ಆರಿಸೋದು ಟೀವಿ ಆರಿಸಿದಷ್ಟು ಸುಲಭ ಅಲ್ಲ. ಮೊದಲು ತೂಕ ನೋಡ್ಬೇಕು."

"ಈ ಚೀಟೀಲಿ ಬೆಲೆ ಎಷ್ಟಂತ ಬರೆದಿದೆ, ಸ್ವಲ್ಪ ಓದಿ ಹೇಳಿ."

ಸಾಹೇಬರು ಓದಿದರು. ಇನ್ನೊಂದರದ್ದೂ ಓದಿದರು. ತಳದ ಉಕ್ಕು, ಹಿಡಿಯ ಬಾಗು, ವೈರಿನ ಉದ್ದ, ಎಲ್ಲದರ ಮೇಲೂ ಭಾಷಣ ಮಾಡಿದರು. ರೇಡಿಯೋ ಒಂದು ಸಲ ಕತ್ತು ತಿರುಗಿಸಲು ಹೋದಾಗ ಟೇಪು ಬಿಚ್ಚಿ ಅವರ ಮೂಗಿನ ಮುಂದೆ ಹಿಡಿದು ವೈರು ಅಳೆದು ತೋರಿಸಿದರು. ಈ ಸರ್ಕಸ್ಸು ಅರ್ಧ ಗಂಟೆ ನಡೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಹನ್ನೊಂದು ತಿಂಗಳ ಮೌನ ಕಣ್ಣಮುಂದೆ ಬಂತು. ತಮ್ಮನಾದರೂ ಬೇರೆ ಊರಿನಲ್ಲಿದ್ದ; ತಾವು ಅದೇ ಮನೆಯಲ್ಲಿ ಊಟ ಮಾಡಬೇಕು.

ಸೇಲ್ಸ್‌ಮನ್ ಕಡೆ ನೋಡಿ, ಡೆಮೋ ಪೀಸಿನತ್ತ ಬೆರಳು ತೋರಿಸಿ, 'ತಗೊಂಡೆ, ಬಿಚ್ಚು' ಎಂದು ಕೈಸನ್ನೆ ಮಾಡಿ, ಲಕೋಟೆ ಎತ್ತಿ ಆಡಿಸಿದರು.

ಸೇಲ್ಸ್‌ಮನ್‌ಗೆ ಒಂದೇ ಸನ್ನೆಗೆ ಅರ್ಥವಾಯಿತು. ಆದರೆ ಅರವತ್ತೈದು ಇಂಚಿಗೆ ಆ ಲಕೋಟೆ ಯಾವ ಮೂಲೆಗೆ? ಅವನು ಅಲ್ಲಿಂದಲೇ ಕೂಗಿದ: "ಮಿಕ್ಕಿದ್ದು ಹದಿನೆಂಟು ಕಂತು ಸರ್. ಓಕೇನಾ?"

ಸಾಹೇಬರು ಓಕೆ ಎಂದು ಹೆಬ್ಬೆರಳೆತ್ತಿದರು. ಮರುಕ್ಷಣ ಇಪ್ಪತ್ತಾರು ಟೀವಿಗಳೂ ಕಪ್ಪಾದವು. ರೇಡಿಯೋ ಎರಡನೆಯ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು, ಉಪಕಾರ ಸ್ಮರಿಸಿ ಹೊರಟುಹೋದರು. ಸಾಹೇಬರು ಬೆವರೊರೆಸಿಕೊಂಡು ಕಾಗದಗಳಿಗೆ ಸಹಿ ಹಾಕಿದರು. ಕಂತಿನ ಮಾತನ್ನು ಹೆಂಡತಿಗೆ ನಿಧಾನವಾಗಿ, ಒಳ್ಳೆಯ ಮುಹೂರ್ತ ನೋಡಿ ಹೇಳಿದರಾಯಿತು. ದೊಡ್ಡ ಗಂಡಾಂತರ ಕಳೆದಿತ್ತು. ಅಂಗಡಿಯ ವ್ಯಾನಿನಲ್ಲಿ ಟೀವಿಯ ಪಕ್ಕ ಕೂತು, ಗೆದ್ದವರ ಹಾಗೆ ಮನೆಗೆ ಬಂದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ," ಎಂದರು. ದನಿ ತಣ್ಣಗಿತ್ತು. "ಎದುರು ಮನೆ ಅಕ್ಕ ಬಂದಿದ್ರು. ಕಂತಿನ ವಿಷಯ ಹೇಳಿದ್ರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹೇಬರ ಕೈ ತಾನಾಗಿಯೇ ಮೊಬೈಲಿದ್ದ ಜೇಬಿಗೆ ಹೋಯಿತು.

"ಎಲ್ಲಾ ಹೇಳಿದ್ರಾ?"

"ಎಲ್ಲಾ. ನನಗೆ ಒಂದು ಮಾತೂ ಹೇಳದೆ ಹೀಗಾ ಮಾಡೋದು?"

"ತಪ್ಪಾಯ್ತು ಕಣೇ. ಒಂದೇ ಒಂದು ಅಂತ ಶುರು ಮಾಡ್ದೆ."

"ಕಂತಲ್ಲಿ ಒಂದೇ ಒಂದು ಅಂತ ಇರುತ್ತಾ? ನಮ್ಮಪ್ಪನೂ ಹೀಗೇ ಹಾಳಾಗಿದ್ದು. ಒಟ್ಟು ಎಷ್ಟು?"

"ಮೂವತ್ತೆರಡು."

"ಮೂವತ್ತೆರಡಾ? ಅವರು ಹದಿನೆಂಟು ಅಂದ್ರಲ್ಲ."

"ನಾನೂ ಹದಿನೆಂಟಕ್ಕೇ ನಿಲ್ಲಿಸ್ಬೇಕು ಅಂತಿದ್ದೆ. ಆದ್ರೆ ಹದಿನೆಂಟರಲ್ಲಿ ಮ್ಯಾನೇಜರ್ ಸತ್ತೋಗ್ತಾನೆ. ಹೇಗೆ ನಿಲ್ಲಿಸ್ಲಿ, ನೀನೇ ಹೇಳು."

"ಯಾವ ಮ್ಯಾನೇಜರು?"

"ಬ್ಯಾಂಕ್ ಮ್ಯಾನೇಜರು."

"ಅಯ್ಯೋ ಪಾಪ," ಎಂದರು ಹೆಂಡತಿ. "ಆದ್ರೆ ಅವರು ಸತ್ರೆ ನಾವ್ಯಾಕೆ ಇನ್ನೂ ಹದಿನಾಲ್ಕು ಜಾಸ್ತಿ ಕಟ್ಬೇಕು?"

"ಪಾಪ ಏನು ಬಂತು? ಲಾಕರ್ ಕೀಲಿ ಅವನ ಹತ್ರಾನೇ ಇತ್ತು. ಕೊನೇ ಕಂತಲ್ಲಿ ನೋಡಿದ್ರೆ ಕದ್ದಿದ್ದೂ ಕೊಂದಿದ್ದೂ ಎರಡೂ ಅವನ ಹೆಂಡ್ತೀನೇ." ಇಷ್ಟು ಹೇಳಿದ ಮೇಲೆ, ಕಟ್ಟುವುದು ಎಂಬ ಮಾತು ಸಾಹೇಬರ ತಲೆಗೆ ತಲುಪಿತು. ತಲುಪಿ ಪ್ರಯೋಜನವಿರಲಿಲ್ಲ.

"ಹೆಂಡ್ತೀನಾ?" ಮೂಲೆಯ ಕುರ್ಚಿಯಿಂದ ಅತ್ತೆಯ ದನಿ ಬಂತು. ಕರೆದರೆ ಕೇಳದ ಕಿವಿಗೆ ಇದೊಂದು ಸ್ಪಷ್ಟವಾಗಿ ಕೇಳಿತ್ತು. "ನನಗೆ ಅವಳ ಮೇಲೆ ಮೊದಲೇ ಅನುಮಾನ ಇತ್ತು."

ಹೆಂಡತಿ ಗಂಡನ ಕಡೆ ತಿರುಗಿದರು.

"ನಾನು ಕೇಳಿದ್ದು ಟೀವಿ ಸಾಲದ ಕಂತು," ಎಂದರು.

ಕೆಲಸದವರಿಬ್ಬರು ಟೀವಿಯನ್ನು ಗೋಡೆಗೆ ಏರಿಸಿದರು. ಅದು ಕ್ಯಾಲೆಂಡರನ್ನು ನುಂಗಿತು, ಲೈಟಿನ ಸ್ವಿಚ್ಚನ್ನು ನುಂಗಿತು, ಅರ್ಧ ಕಿಟಕಿಗೂ ಅಡ್ಡ ಬಂತು. ಆಗ ಹೊಸ ಟೀವಿ ನೋಡಲು ರೇಡಿಯೋ ಬಂದರು. ಬಾಗಿಲ ಹೊಸ್ತಿಲು ಎಡವಿ, ಗೋಡೆ ತಡವಿಕೊಂಡು, ಕುರ್ಚಿ ಎಂದುಕೊಂಡು ಟೀವಿಯ ಖಾಲಿ ಪೆಟ್ಟಿಗೆಯ ಮೇಲೆ ಕೂತರು.

"ಕನ್ನಡಕದ ಕಾಲು ಮುರಿದು ಮೂರು ದಿನ ಆಯ್ತು, ರಿಪೇರಿಗೆ ಕೊಟ್ಟಿದ್ದೀನಿ," ಎಂದರು. "ಏನೂ ಕಾಣ್ತಿಲ್ಲ. ಅಂಗಡೀಲೂ ಹಾಗೇ, ಗೋಡೆ ತುಂಬ ಬರೀ ಬೆಳಕು. ದನಿ ಕೇಳಿ ಸಾಹೇಬ್ರು ಅಂತ ಗೊತ್ತಾಯ್ತು. ಪಾಪ, ಒಂದೊಂದೂ ಓದಿ ಹೇಳಿದ್ರು. ಹದಿನೆಂಟು ಕಂತು ಅಂತ ಆ ಹುಡುಗ ಕೂಗಿದ್ದು ಮಾತ್ರ ಚೆನ್ನಾಗಿ ಕೇಳ್ಸ್ತು."

ಸಾಹೇಬರು ಸೋಫಾದಲ್ಲಿ ತಮ್ಮ ಮಾಮೂಲಿ ಜಾಗಕ್ಕೆ ಹೋಗಿ ಕೂತರು.

"ಏಳಿ," ಎಂದರು ಹೆಂಡತಿ. "ಇದನ್ನ ವಾಪಸ್ ತಗೋತಾರಾ?"

"ಇಲ್ಲ. ಡೆಮೋ ಪೀಸು."

"ಹಾಗಾದ್ರೆ ಕೇಳಿ. ನಾವು ಇವತ್ತಿಂದ ಬೇರೆ ಧಾರಾವಾಹಿ ಶುರು ಮಾಡ್ತೀವಿ. ನಿಮ್ಮ ಜಾಗದಲ್ಲಿ ಅಕ್ಕ ಕೂತ್ಕೋತಾರೆ. ಆ ಹದಿನೆಂಟರಲ್ಲಿ ಕೊನೇ ಕಂತು ಕಟ್ಟೋವರೆಗೂ, ನೀವು ಇದರಲ್ಲಿ ಒಂದೇ ಒಂದು ಕಂತೂ ನೋಡೋ ಹಾಗಿಲ್ಲ."

ಸಾಹೇಬರು ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಕಟ್ಟೆಯ ಮೇಲೆ, ಗೋಡೆಗೆ ಮುಖ ಮಾಡಿಕೊಂಡು, ಹಳೆಯ ಟೀವಿ ಆಗಲೇ ಬಂದು ಕೂತಿತ್ತು.