ಬಂದರೂ ಬರಬಹುದಾದ ಇಪ್ಪತ್ತು ಲಕ್ಷ

ಸತ್ತವರ ಮನೆ, ಹೊಲ ಹಂಚುವುದು ಸುಲಭ. ಅವರಿಗೆ ಬರಬೇಕಾಗಿದ್ದ ದುಡ್ಡು ಹಂಚುವಾಗಲೇ ಅಣ್ಣತಮ್ಮಂದಿರ ಕೈ ಕೊರಳಪಟ್ಟಿಗೆ ಹೋಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ವಿಭಾಗ ಪತ್ರ ಬರೆಯುವ ನನಗೆ ವರ್ಷಕ್ಕೆ ನಾಲ್ಕು ಸಲವಾದರೂ ಈ ಯೋಗ. ಒಂದು ಮನೆಯವರದನ್ನು ನೆನೆದರೆ ಮಾತ್ರ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.

೧. ಸೊನ್ನೆ

ಅಣ್ಣ, ತಮ್ಮ, ತಂಗಿ. ಅವರಪ್ಪ ನಂದಿ ಹತ್ತಿರದ ದ್ರಾಕ್ಷಿ ತೋಟವನ್ನು ಲೇಔಟ್ ಮಾಡುವವನೊಬ್ಬನಿಗೆ ಮಾರಿ ಅರ್ಧ ದುಡ್ಡು ಪಡೆದಿದ್ದರು. ಉಳಿದ ಇಪ್ಪತ್ತು ಲಕ್ಷ ಲೇಔಟಿಗೆ ಮಂಜೂರಾತಿ ಸಿಕ್ಕ ಮೇಲೆ. ಅದು ಸಿಗುವ ಮೊದಲೇ ಅಪ್ಪ ಹೋದರು.

ಮಿಕ್ಕ ಜಮೀನನ್ನು ನಮ್ಮ ಕಡೆ ಪದ್ಧತಿಯಂತೆ ಅಣ್ಣ ಪಾಲು ಹಾಕಿದ, ತಮ್ಮ ಮೊದಲು ಆರಿಸಿದ. ತಂಗಿಗೆ ಉಳಿದದ್ದು ಮಾರಿದ ತೋಟದ ಮುಂದಿನ ಹುಣಸೇಮರದ ಪಟ್ಟಿ. ನೇಗಿಲು ತಿರುಗಿಸಲೂ ಜಾಗವಿಲ್ಲ. ನಗದು ತಲಾ ಆರು ಲಕ್ಷ. ದಿಬ್ಬೂರಹಳ್ಳಿಯಲ್ಲಿ ಅವಳ ಮನೆ ಮೋಲ್ಡ್ ಇಲ್ಲದೆ ಬರೀ ಗೋಡೆಯಾಗಿ ನಿಂತಿತ್ತು. ಆ ಆರು ಲಕ್ಷವೇ ಅವಳ ಸೂರು.

"ಬಾಕಿಗೆ ಏನು ಬೆಲೆ ಕಟ್ಟಲಿ?" ಅಂದೆ.

"ಸೊನ್ನೆ ಬರ್ಕೊಳಿ ಸ್ವಾಮಿ, ಅದು ಬರೋ ದುಡ್ಡಲ್ಲ," ಅಂದ ಅಣ್ಣ.

"ಇಪ್ಪತ್ತಕ್ಕೆ ಒಂದು ಪೈಸೆ ಕಮ್ಮಿ ಇಲ್ಲ," ಅಂದ ತಮ್ಮ.

"ಸರಿ, ಸೊನ್ನೆಗೆ ತಮ್ಮನಿಗೇ ಬರೀತೀನಿ," ಅಂದೆ ಅಣ್ಣನಿಗೆ.

ಅಣ್ಣ ಎದ್ದು ನಿಂತ. "ಅದೆಂಗಾಯ್ತದೆ?"

ತಮ್ಮನ ಕಡೆ ತಿರುಗಿದೆ. "ಹಂಗಾದ್ರೆ ಇಪ್ಪತ್ತಕ್ಕೆ ನೀವೇ ತಗೊಳ್ಳಿ."

"ನಂಗ್ಯಾಕೆ ಸ್ವಾಮಿ ಆ ರಗಳೆ!"

೨. ಮುಂದಿನ ತಿಂಗಳು

ಕೋರ್ಟಿಗೆ ಹೋಗುವ ಮಾತೂ ಬಂತು. ಹೊಡೆದಾಟವಾಗುವ ಮುಂಚೆ ನಾನೇ ಲೇಔಟಿನವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. "ವಚ್ಚೇ ನೆಲ ಗ್ಯಾರಂಟಿ ಇಸ್ತಾನಣ್ಣಾ," ಅಂದ ತೆಲುಗಿನಲ್ಲಿ. ಬರುವ ತಿಂಗಳು ಖಂಡಿತ ಕೊಡುತ್ತಾನಂತೆ. ಸೊನ್ನೆ ಅಂದಿದ್ದ ಅಣ್ಣ ತಕ್ಷಣ, "ಬಾಕಿ ನಂಗಿರಲಿ," ಅಂದ.

ತಂಗಿ ಅವತ್ತು ಮೊದಲ ಸಲ ಬಾಯಿಬಿಟ್ಟಳು. "ಅಪ್ಪ ಇದ್ದಾಗ್ಲೂ ಅದೇ ತಿಂಗ್ಳು ಕಣಣ್ಣ. ಇನ್ನೂ ಮುಗ್ದಿಲ್ಲ."

ಅಣ್ಣ ಮತ್ತೆ ಸೊನ್ನೆಗೆ ಇಳಿದ.

೩. ಟವೆಲ್

ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳುತ್ತಾರಲ್ಲ, ಕೊನೆಗೆ ಅದನ್ನೇ ಮಾಡಿದೆ. "ಬೆರಳಿಗೊಂದು ಲಕ್ಷ. ಹೆಚ್ಚು ಹಿಡಿದೋರಿಗೆ ಬಾಕಿ. ಆದ್ರೆ ಅಷ್ಟು ದುಡ್ಡು ಉಳಿದಿಬ್ರಿಗೆ ಈಗ್ಲೇ ಹಂಚಿ ಕೊಡ್ಬೇಕು. ಬಾಕಿ ಬರದಿದ್ರೆ ಅವ್ರ ಹಣೆಬರಹ."

ಅಣ್ಣ ಒಂದು ಬೆರಳು ಹಿಡಿದ, ತಮ್ಮ ಎರಡು. ತಂಗಿಯ ಅಂಗೈ ಬೆವರಿತ್ತು; ಐದೂ ಹಿಡಿದಳು. ನಾನು ಟವೆಲ್ ತೆಗೆಯದೆ ಕೇಳಿದೆ.

"ತಾಯಿ, ಮೋಲ್ಡ್ ದುಡ್ಡು ಇದು."

"ಬರ್ಕೊಳಿ ಸ್ವಾಮಿ."

ರುಜುವಾಯಿತು, ನೋಂದಣಿಯೂ ಆಯಿತು. ಅಣ್ಣತಮ್ಮಂದಿರು ತಲಾ ಎರಡೂವರೆ ಲಕ್ಷ ಇಸ್ಕೊಂಡು, ಪಾಪ ಅಂತ ತಂಗಿಗೆ ಕಬ್ಬಿನ ಹಾಲು ಕೊಡಿಸಿ ತಾವೂ ಒಂದೊಂದು ಲೋಟ ಹಿಡಿದರು. ಅವಳು ಲೋಟ ಕೆಳಗಿಟ್ಟು ಲೇಔಟಿನವನಿಗೆ ಫೋನ್ ಮಾಡಿದಳು.

"ಅಣ್ಣಾ, ಲೇಔಟಿಂದ ರಸ್ತೆಗೆ ದಾರಿ ಇಲ್ದೆ ನಿಮ್ ಮಂಜೂರಾತಿ ನಿಂತೈತಂತಲ್ಲ? ಹುಣಸೇಮರದ ಜಾಗ ಈಗ ನಂದು. ದಾರಿ ಬಿಡ್ತೀನಿ. ಮೊದ್ಲು ಅಪ್ಪನ ಬಾಕಿ ತಗೊಂಬನ್ನಿ."

"ನಾಳೆನೇ ಬರ್ತೀನಿ ತಾಯಿ," ಅಂದದ್ದು ನಮಗೂ ಕೇಳಿಸಿತು.

ಅಣ್ಣ ಕುಡಿದದ್ದು ನೆತ್ತಿಗೇರಿ ಕೆಮ್ಮಿದ. "ಮೊದ್ಲೇ ಹೇಳ್ಬಾರ್ದೇನೇ?"

"ಪಾಲು ಹಾಕ್ದೋನು ನೀನು, ಆರಿಸ್ದೋನು ಅವ್ನು, ಪತ್ರ ಬರೆದೋರು ಇವ್ರು. ಮೂರು ಜನ ತಿಳಿದೋರು ಮಾಡಿರೋ ಕೆಲ್ಸ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ ಕಣಣ್ಣ."