ಮಾದರಿ ಲಂಚಗಾರ ಅಮಾತೆಪ್ಪ

ಹುನಗುಂದದ ಸೌಲಭ್ಯ ಉಪಕಚೇರಿಯಲ್ಲಿ ಲಂಚ ಇರಲಿಲ್ಲ. ೧೯೮೨ನೆಯ ಇಸವಿಯ ವಾರ್ಷಿಕ ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ನಮೂದಿಸಿ ಸಾಹೇಬರು ರುಜು ಹಾಕಿದ್ದರು. ಹೀಗಿರುವಾಗ, ತಾಲೂಕಿನ ಮಹಿಳಾ ಮಂಡಳ, ಯುವಕ ಸಂಘ, ನೇಕಾರರ ಸಂಘಗಳಿಗೆ ಲಂಚವನ್ನು ಎದುರಿಸುವ ತರಬೇತಿಯನ್ನು ಮೂರು ದಿನ ಕೊಡತಕ್ಕದ್ದೆಂದು ಬೆಂಗಳೂರಿನಿಂದ ಆದೇಶ ಬಂದು ಕಚೇರಿ ಪೇಚಿಗೆ ಸಿಕ್ಕಿತು. ಇಲ್ಲದ್ದನ್ನು ಎದುರಿಸಲು ಕಲಿಸುವುದು ಹೇಗೆ? ಆದೇಶದ ಏಳನೆಯ ಕಲಮು ಇನ್ನೂ ಕಠಿಣವಾಗಿತ್ತು: "ಪ್ರಾತ್ಯಕ್ಷಿಕೆ ಕಡ್ಡಾಯ."

ಸಾಹೇಬರು ಸಭೆ ಕರೆದು, ಲಂಚ ಕೇಳುವವನ ಪಾತ್ರ ಯಾರು ವಹಿಸುತ್ತೀರಿ ಎಂದರು. ಎಲ್ಲರ ಕಣ್ಣುಗಳೂ ಹೆಡ್ ಕ್ಲಾರ್ಕ್ ರಾಚಯ್ಯನವರ ಕಡೆ ಹೊರಳಿದವು. ರಾಚಯ್ಯ ಎದ್ದು ನಿಂತು ನಮ್ರವಾಗಿ ಅರಿಕೆ ಮಾಡಿಕೊಂಡರು:

"ಅನುಭವಸ್ಥರು ಬ್ಯಾಡ್ರಿ ಸಾಹೇಬ್ರ. ನಮ್ಮಂಥವ್ರು ಮಾಡಿದ್ರ ಅದು ಪ್ರಾತ್ಯಕ್ಷಿಕಿ ಆಗೂದಿಲ್ಲ, ತಪ್ಪಿನ ಕಬೂಲಿ ಆಕ್ಕೈತಿ."

ಸಭೆಗೆ ಇದು ಸರಿ ಅನ್ನಿಸಿತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅರ್ಜಿದಾರರ ಒಂದು ಕಪ್ ಚಹಾ ಕೂಡ ಕುಡಿಯದ ಟಪಾಲು ಕಾರಕೂನ ಅಮಾತೆಪ್ಪನ ಕೈಗೆ ಅದೇ ಸಂಜೆ ಆಜ್ಞೆ ಬಂತು: "ಸದರಿಯವರನ್ನು ಮೂರು ದಿನಗಳ ಮಟ್ಟಿಗೆ ಮಾದರಿ ಲಂಚಗಾರರೆಂದು ನೇಮಿಸಲಾಗಿದೆ. ವಸ್ತುರೂಪದ ಲಂಚವನ್ನು ಮಾತ್ರ ಕೇಳತಕ್ಕದ್ದು. ಬೈಗುಳ ತಿಂದಲ್ಲಿ ಪ್ರತ್ಯೇಕ ಭತ್ಯೆ ಇರುವುದಿಲ್ಲ."

ಮನೆಯಲ್ಲಿ ಅವನು ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಆಜ್ಞೆಯನ್ನು ತಿರುವಿ ತಿರುವಿ ನೋಡುತ್ತ ಕುಳಿತ. ಹೆಂಡತಿ ಸಿದ್ದಲಿಂಗವ್ವ ಆಜ್ಞೆಯನ್ನು ಎರಡು ಸಲ ಓದಿಸಿ ಕೇಳಿದಳು. "ತಗೋ ಅಂತ ಸರಕಾರನ ಬರದು ಕೊಟ್ಟೈತಿ ಅಂದಮ್ಯಾಲ ಅಂಜೂದ್ಯಾಕ್ರಿ? ಆಜ್ಞೆ ಇಲ್ಲದನ ತಗೊಳ್ಳಾವ್ರು ಎಷ್ಟು ಆರಾಮ ಉಣ್ತಾರ, ನೀವೂ ಉಣ್ರಿ," ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಶಿಬಿರದ ಮೊದಲ ದಿನ ಅಮಾತೆಪ್ಪನ ಮುಂದೆ ಕುಳಿತವಳು ಇಳಕಲ್ಲಿನ ಮಹಿಳಾ ಮಂಡಳದ ಅಧ್ಯಕ್ಷೆ ಕಾಸಿಂಬಿ. ಸೀರೆ ನೇಯುವವಳು. ಅವಳ ಓಣಿಯ ಕೈಪಂಪು ಕೆಟ್ಟು ಎರಡು ವರ್ಷವಾಗಿತ್ತು. ಹೆಂಗಸರು ನೀರಿಗೆ ಊರ ಆಚೆಯ ಬಾವಿಗೆ ಹೋಗುತ್ತಿದ್ದರು. ಪ್ರಾತ್ಯಕ್ಷಿಕೆಗೆ ಹೇಗೂ ಒಂದು ಕಡತ ಬೇಕು, ಈ ನೆಪದಲ್ಲಾದರೂ ಅವಳದು ಅಲುಗಾಡಲಿ ಎಂದು ಅಮಾತೆಪ್ಪ ಮೂಲೆಯಿಂದ ಅದನ್ನೇ ಹುಡುಕಿ ತೆಗೆದ. ಧೂಳು ಒರೆಸಿ, "ನಾಳೆ ಆಕ್ಕೈತ್ರಿ ಅಕ್ಕಾರ, ಹೋಗಿ ಬರ್ರಿ," ಎಂದುಬಿಟ್ಟ.

ರಾಚಯ್ಯ ಹಣೆ ಹಣೆ ಬಡಿದುಕೊಂಡರು. "ಹಂಗಲ್ಲೋ ಮಾರಾಯಾ! ಮೊದಲ ಕಡತ ಕಾಣವಲ್ದು ಅನ್ನು. ಆಮ್ಯಾಲ ಕಿಡಕಿ ಹೊರಗ ನೋಡು. ಸಂಸಾರದ ಕಷ್ಟ ಹೇಳು. ಬಾಯಿಬಿಟ್ಟು ಕೇಳಾಂವ ಹಲಕಟ್, ಕೇಳದನ ತಗೊಳ್ಳಾಂವ ಅಧಿಕಾರಿ!"

ಕಾಸಿಂಬಿ ಸೇರಿದಂತೆ ಮೂವತ್ತು ಸಂಘದವರು ಇದನ್ನು ವಹಿಯಲ್ಲಿ ಬರೆದುಕೊಂಡರು.

ಎರಡನೆಯ ದಿನ ಅಮಾತೆಪ್ಪ ಕಿಟಕಿಯ ಹೊರಗೆ ನೋಡಿದ. ಕಾಸಿಂಬಿ ಅಮೀನಗಡದ ಕರದಂಟಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಮರುಕ್ಷಣವೇ ಹಿಂದಕ್ಕೆಳೆದುಕೊಂಡು, "ಕೊಡೂದಿಲ್ರಿ! ನೀರು ನಮ್ಮ ಹಕ್ಕು!" ಎಂದು ಗುಡುಗಿದಳು. ಚಪ್ಪಾಳೆ ಬಿದ್ದವು. ಸಾಹೇಬರು ಅವಳಿಗೆ ಪ್ರಥಮ ಸ್ಥಾನ ಘೋಷಿಸಿದರು.

"ಹಂಗಾರ ನಮ್ಮ ಪಂಪ್ ಯಾವಾಗ್ರಿ?" ಎಂದಳು ಕಾಸಿಂಬಿ.

ರಾಚಯ್ಯ ನಿಯಮ ತೆಗೆದು ಓದಿದರು. ತರಬೇತಿಗೆ ಬಳಸಿದ ಕಡತವು ಬೋಧನಾ ಸಾಮಗ್ರಿಯಾಗುತ್ತದೆ. ಪ್ರಾತ್ಯಕ್ಷಿಕೆ ಪೂರ್ಣಗೊಳ್ಳದೆ ಅದನ್ನು ಬಿಡುಗಡೆ ಮಾಡತಕ್ಕದ್ದಲ್ಲ. ಲಂಚ ಕೊಡದೆ ಇದ್ದದ್ದರಿಂದ ಪ್ರಾತ್ಯಕ್ಷಿಕೆ ಅಪೂರ್ಣ.

ಮೂಲೆಯಲ್ಲಿದ್ದ ಕಡತಕ್ಕೆ ಒಂದಲ್ಲ ಒಂದು ದಿನ ಗತಿ ಕಾಣುವ ಆಸೆಯಾದರೂ ಇತ್ತು. ಈಗ ಅಮಾತೆಪ್ಪ ತನ್ನ ಕೈಯಾರೆ ಅದನ್ನು ಎತ್ತಿ ತಂದು ಕೊಂದಂತಾಗಿತ್ತು. ಮೂರನೆಯ ದಿನ ಶಿಬಿರ ಮುಗಿಯುವ ಹೊತ್ತಿಗೆ ಅವನು ಕಾಸಿಂಬಿಯನ್ನು ಬದಿಗೆ ಕರೆದ.

"ಅಕ್ಕಾರ, ಆ ಪೊಟ್ಟಣ ಕೊಟ್ಟಬಿಡ್ರಿ."

"ನಿನ್ನೆ ಕೊಡಬ್ಯಾಡ ಅಂತ ಕಲಿಸಿದ್ರಿ!"

"ಅದು ನಿನ್ನಿನ ಪಾಠ್ರಿ."

ಅವಳು ಕೊಟ್ಟಳು. ಅವನು ತಗೊಂಡ. ಅತ್ತಿತ್ತ ನೋಡಿ ಪೊಟ್ಟಣವನ್ನು ಬೆನ್ನ ಹಿಂದೆ ಮುಚ್ಚಿಟ್ಟ, ಅದನ್ನು ದೂರದಿಂದ ನೋಡಿದವರು ಪಾತ್ರದಲ್ಲಿ ಎಷ್ಟು ತನ್ಮಯನಾಗಿದ್ದಾನೆ ಎಂದು ತಲೆದೂಗಿದರು. ಪೊಟ್ಟಣ ಹಿಂದಿರುಗಿಸುವ ನಮೂನೆ ಇನ್ನೂ ಅಚ್ಚಾಗಿರಲಿಲ್ಲವಾದ್ದರಿಂದ ಕಚೇರಿಯವರೆಲ್ಲ ಸೇರಿ ಅದನ್ನು ಚಹಾದ ಜೊತೆ ವಿಲೇವಾರಿ ಮಾಡಿದರು. ನಾಲ್ಕನೆಯ ದಿನ ಇಳಕಲ್ಲಿನ ಓಣಿಯಲ್ಲಿ ನೀರು ಬಂತು.

ಸುದ್ದಿ ಬದಾಮಿ, ಬಾಗಲಕೋಟೆಯವರೆಗೆ ಹಬ್ಬಿತು. ಹುನಗುಂದದಲ್ಲಿ ಒಬ್ಬ ಇದ್ದಾನಂತೆ, ಸರಕಾರದ ರುಜು ಇದೆಯಂತೆ, ತಗೊಂಡರೆ ಕೆಲಸ ಆಗುತ್ತದಂತೆ. ಶೇಂಗಾ, ಬೆಲ್ಲ, ರವಿಕೆಯ ಖಣ ಹಿಡಿದ ಸಂಘಗಳು ತರಬೇತಿಗೆ ಪಾಳಿ ಹಚ್ಚಿ ನಿಂತವು. ಶಿಬಿರವನ್ನು ಮೂರು ತಿಂಗಳಿಗೆ ವಿಸ್ತರಿಸಿ, ಆಮೇಲೆ ಹುದ್ದೆಯನ್ನೇ ಕಾಯಂ ಮಾಡಲಾಯಿತು. ಉಳಿದ ಕಾರಕೂನರು ತಮ್ಮ ತಮ್ಮ ಅರ್ಜಿದಾರರನ್ನು ಅವನ ಮೇಜಿಗೇ ಕಳಿಸತೊಡಗಿದರು. ಸಂಜೆ ಎಲ್ಲವನ್ನೂ ಹಂಚಿಕೊಂಡು ಒಯ್ಯುತ್ತಿದ್ದರು. ಅಮಾತೆಪ್ಪ ಮಾತ್ರ ಬರಿಗೈಲಿ ಮನೆಗೆ ಹೋಗುತ್ತಿದ್ದ. ಇದನ್ನು ಅವನ ಹಳೆಯ ಚಟ ಎಂದು ಎಲ್ಲರೂ ಸಹಿಸಿಕೊಂಡರು.

ಎರಡು ವರ್ಷ ಹೀಗೆ ನಡೆಯಿತು. ಒಂದು ಸೋಮವಾರ ಅವನಿಗೆ ಏನನ್ನಿಸಿತೋ, ಎರಡೂ ಕೈ ಮೇಜಿನ ಕೆಳಗಿಟ್ಟುಕೊಂಡು ಕುಳಿತ. "ಇವತ್ತಿಂದ ತಗೊಳ್ಳೂದಿಲ್ರಿ. ಅರ್ಜಿ ಇಟ್ಟು ಹೋಗ್ರಿ," ಎಂದ.

ಮಧ್ಯಾಹ್ನದೊಳಗೆ ಸಾಹೇಬರು ಕರ್ತವ್ಯಲೋಪದ ನೋಟೀಸು ಕೊಟ್ಟರು. ಮಂಗಳವಾರ ಕಚೇರಿಯ ಮುಂದೆ ಮೂವತ್ತೂ ಸಂಘಗಳು ಧರಣಿ ಕುಳಿತವು. ಶಿಬಿರದಲ್ಲಿ ಕಲಿತಿದ್ದೆಲ್ಲ ಅಂದು ಉಪಯೋಗಕ್ಕೆ ಬಂತು: ಒಕ್ಕಟ್ಟು, ಶಿಸ್ತು, ಲಿಖಿತ ಮನವಿ. ಕಾಸಿಂಬಿ ಮುಂದೆ ನಿಂತು ಕೂಗಿಸಿದಳು: "ತಗೋಳ್ರಿ! ತಗೋಳ್ರಿ! ಇಲ್ಲಾಂದ್ರ ಕುರ್ಚಿ ಬಿಡ್ರಿ!"

ಅಮಾತೆಪ್ಪ ಹೊರಗೆ ಬಂದ. "ಅಕ್ಕಾರ, ನೀವೂ ಏನ್ರಿ?"

"ನಿಮ್ಮ ಮ್ಯಾಲ ಸಿಟ್ಟಿಲ್ಲ ತಮ್ಮಾರ," ಎಂದಳು ಅವಳು ತಗ್ಗಿದ ದನಿಯಲ್ಲಿ. "ನೀವು ತಗೊಳ್ಳಿಲ್ಲಂದ್ರ ಮತ್ತ ಒಳಗಿನ ಹನ್ನೆರಡೂ ಮಂದಿಗೆ ಬ್ಯಾರೆ ಬ್ಯಾರೆ ಕೊಡಬೇಕಲ್ರಿ."

ಪಾಳಿಯಲ್ಲಿ ಮೊದಲಿಗನಾಗಿ, ಬದಾಮಿ ಕಡೆಯ ಕುರಿಗಾರರ ಸಂಘದ ಮುದಕಪ್ಪ ಬೆಲ್ಲದ ಪೆಂಟೆ ಹಿಡಿದು ಸೋಮವಾರದಿಂದ ನಿಂತಿದ್ದ. ಅಮಾತೆಪ್ಪ ಎರಡೂ ಕೈ ಚಾಚಿ ಅದನ್ನು ಇಸಿದುಕೊಂಡ. ಧರಣಿ ಎದ್ದಿತು; ಸಾಹೇಬರು ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದರು.

"ತಪ್ಪಾತ್ರಿ ಯಜಮಾನ್ರ," ಎಂದ ಅಮಾತೆಪ್ಪ, ತಲೆ ತಗ್ಗಿಸಿ. "ಒಂದಿನ ಸುಮ್ಮನ ಕಾಯಿಸಿದೆ."

ಮುದಕಪ್ಪ ಅವನ ಬೆನ್ನು ಸವರಿದ. "ಇರ್ಲಿ ಬಿಡ್ರಿ. ಮನಶ್ಯಾ ಅಂದಮ್ಯಾಲ ಒಮ್ಮೊಮ್ಮೆ ಹಾದಿ ತಪ್ಪತಾನ."